ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ರೂಟ್ ಫೈಲ್‌ಸಿಸ್ಟಂ

ಚಿಕ್ಕಬಾಣಾವರದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ಲ್ಯಾಬನ್ನು ನಿವೃತ್ತಿಯ ನಂತರವೂ ಮೂರು ವರ್ಷ ನೋಡಿಕೊಂಡವನು ನಾನು. ಅಲ್ಲಿದ್ದ ರೂಟರ್‌ಗಳು ಎರಡೇ. ಅವುಗಳಲ್ಲಿ ಒಂದು ಗಾಜಿನ ಬೀರುವಿನಲ್ಲಿ ಪ್ರದರ್ಶನಕ್ಕಿತ್ತು. ಆದ್ದರಿಂದ ಲಿನಕ್ಸ್ ಕಂಟೇನರ್‌ಗಳನ್ನು ಬಳಸಿ, ಒಂದೇ ಕಂಪ್ಯೂಟರಿನೊಳಗೆ ರೂಟರಿನಂತೆ ವರ್ತಿಸುವ ಹತ್ತಾರು ಪ್ರತ್ಯೇಕ ಯಂತ್ರಗಳು ಓಡಾಡುವಂತೆ ಮಾಡಲು ಹೊರಟೆ. ಅಂಥ ಪ್ರತಿ ಯಂತ್ರವೂ ತನ್ನದೆಂದು ನಂಬುವ ಕಡತಗಳ ಸಂಸಾರವೇ ರೂಟ್ ಫೈಲ್‌ಸಿಸ್ಟಂ. ಬೇಕಾದ ಪ್ರೋಗ್ರಾಂಗಳನ್ನಷ್ಟೇ ಆರಿಸಿ, ಯಾವ ಕಡತ ಯಾರದು, ಯಾವುದನ್ನು ಚಲಾಯಿಸಬಹುದು, ಯಾವ ಹೆಸರು ಮತ್ತಾವ ಕಡತದತ್ತ ಬೆರಳು ತೋರಿಸುತ್ತದೆ ಎಂಬುದನ್ನೆಲ್ಲ ಪರೀಕ್ಷಿಸಿ ಅದನ್ನು ಕಟ್ಟಲು ಏಳು ವಾರ ಹಿಡಿಯಿತು.

ಮುಗಿಸಿದ ದಿನ ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಿದೆ. ನಮ್ಮಲ್ಲಿ ಸ್ಕ್ರೂಡ್ರೈವರ್ ಕೂಡ ಸಹಿಯಿಲ್ಲದೆ ಕೊಠಡಿ ದಾಟುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರು ಎಲ್ಲರೆದುರು ನಕ್ಕರು.

"ಏನ್ ಸಾರ್, ಕಣ್ಣಿಗ್ ಕಾಣ್ದೇ ಇರೋದಕ್ಕೂ ಸ್ಟಾಕ್ ನಂಬರ‍್ರಾ? ನಾಳೆ ಫ್ಯಾನ್ ಗಾಳಿಗೂ ಹಾಕ್ತೀರಾ?"

ಜೊತೆಗೆ ನಕ್ಕವರು ಐವರು. ಇಬ್ಬರು ಬಾಯಲ್ಲಿ ಟೀ ಇದ್ದುದರಿಂದ ತಡವಾಗಿ ನಕ್ಕರು. ಅವರನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಆ ವರ್ಷದ ಪ್ರಾಯೋಗಿಕ ಪರೀಕ್ಷೆ ಒಬ್ಬ ವಿದ್ಯಾರ್ಥಿನಿಗೆ ಕೊನೆಯ ಅವಕಾಶವಾಗಿತ್ತು. ಶೆಟ್ಟಿಹಳ್ಳಿಯಲ್ಲಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಂದು, ನನ್ನ ಕಂಟೇನರ್‌ಗಳ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳು. ಇದೊಂದು ವಿಷಯ ಪಾಸಾದರೆ ಪದವಿ.

ಪರೀಕ್ಷೆಯ ಹಿಂದಿನ ದಿನ ನಾನು ಯಲಹಂಕದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೊರಗಿನ ಪರೀಕ್ಷಕರಿಗೆ ಎ.ಸಿ. ಹಾಲ್‌ನ ಹೊಸ ಸರ್ವರನ್ನೇ ತೋರಿಸಬೇಕೆಂದು ಮುಖ್ಯಸ್ಥರಿಗೆ ಹೊಳೆದದ್ದು ಆಗಲೇ. ನನ್ನ ಏಳು ವಾರಗಳನ್ನು ಒಂದು ಪೆನ್‌ಡ್ರೈವ್‌ಗೆ ಎಳೆದುಕೊಂಡು ಅಲ್ಲಿ ಸುರಿದರು. ನಡುವೆ ಬಂದ ಎಚ್ಚರಿಕೆಗಳಿಗೆಲ್ಲ 'ಸ್ಕಿಪ್' ಒತ್ತಿದರಂತೆ. ಹಳೆಯ ಕಂಪ್ಯೂಟರನ್ನು ಅಳಿಸಿ ಆಫೀಸಿಗೆ ಕೊಟ್ಟರು. ಸಹಿಗೆಂದು ರಿಜಿಸ್ಟರ್ ತೆರೆದಿದ್ದರೆ, ರೂಟ್ ಫೈಲ್‌ಸಿಸ್ಟಮಿನ ಸಾಲಿನ ಕೆಳಗೇ ಕೆಂಪು ಶಾಯಿಯ ನನ್ನ ಬರಹ ಕಾಣುತ್ತಿತ್ತು: 'ಬಿಡಿಬಿಡಿಯಾಗಿ ನಕಲಿಸಬಾರದು. ಒಂದೇ ಗಂಟಾಗಿ ಕಟ್ಟಿ ಒಯ್ಯತಕ್ಕದ್ದು.' ಕಡತ ಯಾರದೆಂಬುದು ಪೆನ್‌ಡ್ರೈವ್‌ಗೆ ನೆನಪಿರುವುದಿಲ್ಲ. ಬೆರಳು ತೋರಿಸುವ ಹೆಸರುಗಳನ್ನಂತೂ ಅದು ಉಳಿಸುವುದೇ ಇಲ್ಲ. ಎಲ್ಲವನ್ನೂ ಒಂದೇ ಕಡತದ ಗಂಟಾಗಿ ಕಟ್ಟಿದರೆ ಎರಡೂ ಒಳಗೆ ಭದ್ರ.

ಬೆಳಿಗ್ಗೆ ಹತ್ತಕ್ಕೆ ಒಂದು ಕಂಟೇನರೂ ಏಳಲಿಲ್ಲ. ಮುಖ್ಯಸ್ಥರು ನನ್ನ ಮೇಜಿಗೆ ಬಂದರು.

"ಸಾರ್, ನಿಮ್ದು ಕೈ ಕೊಡ್ತಲ್ಲ."

ಹಿಂದಿನ ದಿನದವರೆಗೆ ವಿಭಾಗದ್ದಾಗಿದ್ದುದು ಆ ಗಳಿಗೆಯಲ್ಲಿ ನನ್ನದಾಯಿತು. ಗಂಟು ಕಟ್ಟಿದ ಮೂಲಪ್ರತಿಯ ಡಿಸ್ಕ್ ನನ್ನ ಬೀರುವಿನಲ್ಲಿತ್ತು. ನಾನು ರಿಜಿಸ್ಟರ್ ತೆರೆದು, ಪೆನ್ನಿನ ಮುಚ್ಚಳ ತೆಗೆದು, 'ಪಡೆದವರು' ಎಂಬ ಕಾಲಂ ತೋರಿಸಿದೆ.

"ಎಕ್ಸಾಮಿನರ್ ಕಾಯ್ತಾ ಕೂತಿದಾರೆ ಕಣ್ರೀ. ಇದೆಲ್ಲ ಆಮೇಲೆ."

"ನಿನ್ನೇನೂ ಆಮೇಲೆ ಅಂತಾನೇ ಬಿಟ್ರಲ್ಲ ಸಾರ್."

ಅವರೂ ಸಹಿ ಹಾಕಲಿಲ್ಲ, ನಾನೂ ಬೀಗ ತೆಗೆಯಲಿಲ್ಲ. ಅಷ್ಟರಲ್ಲಿ ಆ ವಿದ್ಯಾರ್ಥಿನಿ ಬಾಗಿಲಲ್ಲಿ ಬಂದು ನಿಂತಳು.

"ಸಾರ್, ಹತ್ತೂವರೆಗೆ ಶುರು ಆಗ್ಲಿಲ್ಲ ಅಂದ್ರೆ ಕ್ಯಾನ್ಸಲ್ ಅಂತೆ. ನಂಗ್ ಮತ್ತೆ ಕೂರಕ್ಕಾಗಲ್ಲ ಸಾರ್."

ಗೋಡೆಯ ಗಡಿಯಾರ ಹತ್ತು ಹದಿನಾರು ತೋರಿಸುತ್ತಿತ್ತು. ಪೆನ್ನಿಗೆ ಮುಚ್ಚಳ ಹಾಕಿ, ಬೀರುವಿನ ಬೀಗ ತೆಗೆದೆ. ಗಂಟನ್ನು ಹೊಸ ಸರ್ವರಿನಲ್ಲಿ ಬಿಚ್ಚಿ, ಹತ್ತು ಇಪ್ಪತ್ತೆಂಟಕ್ಕೆ ಮೊದಲ ಕಂಟೇನರನ್ನು ಎಬ್ಬಿಸಿದೆ. ಕಂಟೇನರ್‌ಗಳೊಳಗೆ ಆಕೆ ಕಟ್ಟಿದ ಎರಡು ರೂಟರ್‌ಗಳು ಪರಸ್ಪರ ಗುರುತು ಹಿಡಿದಾಗ ಆಕೆ ನನ್ನ ಕಡೆ ನೋಡಲೂ ಇಲ್ಲ. ಮುಂದಿನ ಪ್ರಶ್ನೆಗೆ ಹೋಗಿದ್ದಳು. ಅದೇ ಸರಿ.

"ಲ್ಯಾಬ್ ಚೆನ್ನಾಗಿಟ್ಟಿದ್ದೀರಿ," ಎಂದರು ಪರೀಕ್ಷಕರು, ಮುಖ್ಯಸ್ಥರಿಗೆ.

"ಏನೋ ಸಾರ್, ನಮ್ ಕೈಲಾದಷ್ಟು."

ಆಕೆ ಪಾಸಾದಳು. ಮುಖ್ಯಸ್ಥರ 'ಆಮೇಲೆ' ಮಾತ್ರ ಬರಲೇ ಇಲ್ಲ. ಕೆಲಸ ಬಿಡುವ ದಿನ ಆ ಖಾಲಿ ಕಾಲಂನಲ್ಲಿ, ಅಳಿಸಲು ಅನುಕೂಲವಾಗಲೆಂದು ಪೆನ್ಸಿಲಿನಲ್ಲೇ, 'ಸಹಿ ಬಾಕಿ' ಎಂದು ಬರೆದು ಬಂದಿದ್ದೇನೆ.