ತಿಥಿ ಉಂಡು ಹೋದವನು

ಗಾವಡಗೆರೆಯ ಪುಟ್ಟತಾಯಮ್ಮ ಗಂಡನ ಆಸ್ಪತ್ರೆ ಖರ್ಚಿಗೆ ಮಹಿಳಾ ಸಂಘದಲ್ಲಿ ಸಾಲ ಎತ್ತಿದ್ದಳು. ಗಂಡ ಉಳಿಯಲಿಲ್ಲ. ತಿಥಿಯ ದಿನ ಗುರುತಿಲ್ಲದವನೊಬ್ಬ ಬಂದು ಪಂಕ್ತಿಯಲ್ಲಿ ಕೂತು ಉಂಡ. ಕೈ ತೊಳೆದವನೇ, "ಅಕ್ಕಾ, ನಿಮ್ಮ ಸಾಲ ಮನ್ನಾ ಮಾಡಿಸ್ತೀವಿ, ನಮ್ದು ಕಂಪ್ನಿ. ಫೀಸು ಮೊದ್ಲೇ ಕೊಡ್ಬೇಕು. ಇನ್ಮೇಲೆ ಕಂತು ಕಟ್ಬೇಡಿ, ಸಂಘದೋರಿಗೂ ಹೇಳ್ಬೇಡಿ" ಅಂದ.

ಕುತ್ತಿಗೆಯಿಂದ ಇಳಿಸಿದ್ದ ತಾಳಿಯ ಗುಂಡುಗಳನ್ನು ಪುಟ್ಟತಾಯಮ್ಮ ತಂದು ಕೊಟ್ಟಳು. ರಸೀದಿ ಕೇಳಲಿಲ್ಲ. ತಿಥಿ ಉಂಡವನನ್ನು ಚೀಟಿ ಕೇಳಿದರೆ ಸತ್ತವನಿಗೆ ಅವಮಾನ ಅಂದುಕೊಂಡಳು.

ಅವಳು ಕಟ್ಟದ ಕಂತನ್ನು ಸಂಘದ ಉಳಿದ ಹೆಂಗಸರೇ ಕಟ್ಟಬೇಕಾಯಿತು. ಅವರು ಮಾತು ಬಿಟ್ಟರು. ಅವನು ಫೋನು ಎತ್ತುವುದನ್ನು ಬಿಟ್ಟ.

ಹುಣಸೂರು ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಲಾಯರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ಕೆಲ್ಸ ಆಗೋ ಮುಂಚೆ ಫೀಸು ಕೇಳೋರನ್ನ, ಸಾಲ ಕೊಟ್ಟೋರ ಹತ್ರ ಮಾತಾಡ್ಬೇಡಿ ಅನ್ನೋರನ್ನ ನಂಬಬಾರ್ದಮ್ಮ. ಗ್ರಾಹಕರ ಕೋರ್ಟಿಗೆ ದೂರು ಕೊಡೋಣ. ರಸೀದಿ ಇಲ್ವಲ್ಲ, ಕೊಟ್ಟದ್ದನ್ನ ನೋಡಿದೋರು ಸಾಕ್ಷಿ ಹೇಳ್ಬೇಕು."

ನೋಡಿದವಳು ಒಬ್ಬಳೇ, ಅವತ್ತು ಅವನಿಗೆ ಮುದ್ದೆ ಬಡಿಸಿದ್ದ ಸಂಘದ ಗೌರಮ್ಮಣ್ಣಿ. ಪುಟ್ಟತಾಯಮ್ಮ ಅವಳ ಬಾಗಿಲಲ್ಲಿ ಹೋಗಿ ನಿಂತಳು.

"ನಿಮ್ ನೆಂಟ ಅಂತ ಸುಮ್ಕಿದ್ದೆ ಕಣಮ್ಮಿ. ನಿನ್ ಕಂತೂ ನಾವೇ ಕಟ್ಬೇಕು, ಸಾಕ್ಷಿನೂ ನಾವೇ ಹೇಳ್ಬೇಕಾ?" ಗೌರಮ್ಮಣ್ಣಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. "ಬತ್ತೀನಿ ಬುಡು. ಚಿನ್ನ ಸಿಕ್ರೆ ಮೊದ್ಲು ನಮ್ ದುಡ್ಡು ತೀರಿಸ್ಬೇಕು."

ಪುಟ್ಟತಾಯಮ್ಮ ಹೂಂ ಅಂದಳು. ಗೆದ್ದರೂ ಗಂಡ ಕಟ್ಟಿದ್ದ ತಾಳಿಯ ಚಿನ್ನ ಮನೆಗೆ ಬರುವುದಿಲ್ಲ, ಸಂಘದ ಬಾಕಿಗೇ ಹೋಗುತ್ತದೆ.