ತೂಕದಕ್ಕನ ಕಾರ್ಡು

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ತೂಕದಕ್ಕ. ಹೆರಿಗೆ ವಿಭಾಗದ ಬಾಗಿಲಲ್ಲೇ ಅವಳ ಯಂತ್ರ, ಪಕ್ಕದಲ್ಲೊಂದು ಸ್ಟೂಲು. ಹತ್ತೊಂಬತ್ತು ವರ್ಷಗಳಿಂದ ಬಸುರಿಯರು ಚಪ್ಪಲಿ ಬಿಟ್ಟು ಹತ್ತುತ್ತಾರೆ, ಅವಳು ಮುಳ್ಳು ನಿಲ್ಲುವ ತನಕ ಕಾದು ಅವರ ಕಾರ್ಡಿನಲ್ಲಿ ಅಂಕಿ ಬರೆಯುತ್ತಾಳೆ. ಬಟ್ಟೆಗೆಂದು ಅರ್ಧ ಕೆಜಿ ಕಳೆಯುವುದು ಅವಳದೇ ನಿಯಮ. ಚಳಿಗಾಲದಲ್ಲಿ ಒಂದು ಕೆಜಿ.

“ಹೋದ ತಿಂಗಳಿಗಿಂತ ನಾಲ್ಕು ಜಾಸ್ತಿನಾ? ನಿಮ್ಮ ಮಿಷನ್ನಿಗೇ ಏನೋ ಆಗಿದೆ ಅಕ್ಕಾ.”

“ಮಿಷನ್ನು ಬಸುರಿ ಆಗಿಲ್ಲಮ್ಮಾ, ಆಗಿರೋದು ನೀನು. ಇಳಿ.”

ಆ ವಾರ ಡಾಕ್ಟರಮ್ಮ ಹೊಸ ಕೆಲಸ ಹಚ್ಚಿದ್ದರು. ಹನ್ನೆರಡು ವರ್ಷದ ಹಿಂದಿನ ತಾಯಂದಿರ ಕಾರ್ಡುಗಳನ್ನು ಹುಡುಕಿ ತೆಗೆಯುವುದು, ಆಗ ಹುಟ್ಟಿದ ಮಕ್ಕಳನ್ನು ಕರೆಸಿ ತೂಗುವುದು. ಬಸಿರಿನಲ್ಲಿ ತಾಯಿಯ ತೂಕ ಅತಿಯಾಗಿ ಏರಿದ್ದರೆ ಮಗುವೂ ಮುಂದೆ ದಪ್ಪಗಾಗುವ ಸಂಭವ ಹೆಚ್ಚೇ ಎಂದು ನೋಡಬೇಕಿತ್ತು. ತೂಕದಕ್ಕನ ಮಗಳಿಗೂ ಹನ್ನೆರಡು. ಶಾಲೆ ಬಿಟ್ಟ ಮೇಲೆ ಅವಳನ್ನೂ ಕರೆತಂದಳು.

ಮೂರು ತಿಂಗಳಿಂದ ಮಗಳು ಶಾಲೆಯಲ್ಲಿ ಮಧ್ಯಾಹ್ನದ ಊಟ ಮುಟ್ಟುತ್ತಿರಲಿಲ್ಲ. ತರಗತಿಯಲ್ಲಿ ಅವಳ ಅಡ್ಡಹೆಸರು ಗುಡಾಣ. ಮನೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ ತೂಕದಕ್ಕ, “ಬಾಯಿಗೆ ಸ್ವಲ್ಪ ಬೀಗ ಇರಲಿ,” ಎನ್ನುತ್ತಿದ್ದಳು. ಈಗೀಗ ಕೈ ಚಾಚುವುದೂ ನಿಂತಿತ್ತು.

ಮಗಳು ಕಣ್ಣು ಮುಚ್ಚಿಕೊಂಡು ಯಂತ್ರ ಹತ್ತಿದಳು. ಅರವತ್ತೊಂದು. ತೂಕದಕ್ಕ ಅರ್ಧ ಕಳೆದು ಬರೆದಳು.

ಡಾಕ್ಟರಮ್ಮ ತೂಕದಕ್ಕನದೇ ಹಳೆಯ ಬಸಿರಿನ ಕಾರ್ಡು ನೋಡಿದರು. “ಒಟ್ಟು ಹನ್ನೊಂದು ಕೆಜಿ ಏರಿದೆ. ಪುಸ್ತಕದಲ್ಲಿ ಇರೋ ಹಾಗೇ ಇದೆಯಲ್ಲ ತೂಕದಕ್ಕಾ! ಹಾಗಾದ್ರೆ ಬಸಿರಿನಲ್ಲಿ ಏನೂ ತೊಂದರೆ ಇರಲಿಲ್ಲ. ಪುಟ್ಟಾ, ನಿನ್ನ ಊಟ ತಿಂಡೀನೇ ನೋಡಬೇಕು.”

“ಗೊತ್ತು ಡಾಕ್ಟ್ರೇ. ನಂದೇ ತಪ್ಪು,” ಎಂದಳು ಮಗಳು, ಹಾಜರಿ ಕೂಗಿದಾಗ ಓಗೊಡುವ ಹಾಗೆ.

ತೂಗುವವಳನ್ನು ಯಾರೂ ತೂಗುವುದಿಲ್ಲ. ದಿನವಿಡೀ ಯಂತ್ರದ ಪಕ್ಕದಲ್ಲೇ ಇದ್ದು, ನಾಳೆ ಹತ್ತಿದರಾಯಿತು ಎಂದುಕೊಂಡೇ ಅವಳ ಬಸಿರಿನ ತಿಂಗಳುಗಳು ಕಳೆದಿದ್ದವು. ಮೊದಲ ಅಂಕಿ ಮಾತ್ರ ನಿಜ. ಉಳಿದದ್ದನ್ನು ಎಂಟನೇ ತಿಂಗಳಲ್ಲಿ ಒಂದೇ ಪೆನ್ನಿನಲ್ಲಿ, ಬೇರೆಯವರ ಕಾರ್ಡುಗಳಲ್ಲಿ ಕಂಡ ಅಂದಾಜಿನಲ್ಲಿ ತುಂಬಿಸಿದ್ದಳು.

“ಆ ಅಂಕಿ ನಾನೇ ಕೂತು ಬರೆದದ್ದು, ಮೇಡಂ,” ಎಂದಳು. “ಹತ್ತಿ ನೋಡಲಿಲ್ಲ. ಹೆರಿಗೆ ದಿನ ಒಳಗೆ ತೂಗಿದ್ರು. ಇಪ್ಪತ್ಮೂರು ಏರಿತ್ತು. ಕಾರ್ಡು ತಿದ್ದಲಿಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಬೇರೆಯವರದು?”

“ಒಂದೂ ಸುಳ್ಳಲ್ಲ.”

ಕೆಲಸ ಹೋಗಬಹುದು ಎಂದು ತೂಕದಕ್ಕನಿಗೆ ಹೊಳೆಯಿತು. ಹೊಳೆದದ್ದು ಯಾರದೋ ವಿಷಯದಂತಿತ್ತು, ಎದೆಗೆ ತಟ್ಟಲಿಲ್ಲ.

“ಈ ಕಾರ್ಡು ಲೆಕ್ಕಕ್ಕೆ ಬರಲ್ಲ,” ಎಂದು ಡಾಕ್ಟರಮ್ಮ ಅದನ್ನು ಬೇರೆ ಇಟ್ಟರು. ಆಮೇಲೆ ಮಗಳ ಕಡೆ ತಿರುಗಿದರು. “ನೋಡು ಪುಟ್ಟಾ, ಇದರಿಂದಲೇ ಆಯ್ತು ಅಂತಾನೂ ನಾನು ಹೇಳಲಾರೆ. ಅಪ್ಪ ಅಮ್ಮನ ಮೈಕಟ್ಟು, ಮನೆ ಊಟ, ಓಡಾಟ, ಎಲ್ಲಾ ಸೇರಿರುತ್ತೆ. ನಿನ್ನೊಬ್ಬಳ ತಪ್ಪು ಅಂದಿದ್ದು ಮಾತ್ರ ಸರಿಯಲ್ಲ. ನಾನೂ ಅವಸರ ಮಾಡಿದೆ.”

ಹೊರಗೆ ಬಂದ ಮೇಲೆ ಮಗಳು ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಂಡಳು.

“ನಿಂಗೆ ಇದು ಯಾವಾಗಿಂದ ಗೊತ್ತು ಅಮ್ಮಾ?”

“ನೀನು ಹುಟ್ಟಿದ ದಿನದಿಂದ.”

“ಗೊತ್ತಿದ್ದೂ ಬೈತಿದ್ದೆ.”

“ಹೂಂ.”

“ಈಗ ನೀನು ಹೇಳು. ಡಾಕ್ಟ್ರು ಹೇಳಿದ್ದು ಬೇಡ.”

ತೂಕದಕ್ಕ ಬಾಯಿ ತೆರೆದಳು. ಅಳು ಬರಬಹುದು ಎಂದುಕೊಂಡಿದ್ದಳು, ಬರಲಿಲ್ಲ. “ನಿನ್ನ ತಪ್ಪಲ್ಲ ಕಣೇ,” ಎಂದದ್ದು ಅಂಕಿ ಓದುವ ದನಿಯಲ್ಲೇ ಬಂತು.

“ಕೇಳಿಸ್ತು,” ಎಂದಳು ಮಗಳು, ತಲೆ ಎತ್ತದೆ ಎರಡನೇ ಶೂವಿನ ದಾರ ಕಟ್ಟುತ್ತ.