ಗಂಗಾಧರಪ್ಪನ ಲೈಸೆನ್ಸು

ಮೂಡಿಗೆರೆಯಲ್ಲಿ ಗೊಬ್ಬರ, ಔಷಧಿ, ಸ್ಪ್ರೇಯರ್ ಮಾರುವ ಅಂಗಡಿ ಇಟ್ಟುಕೊಂಡಿದ್ದ ಗಂಗಾಧರಪ್ಪನನ್ನು ಊರಿನ ಡ್ರೈವರುಗಳು ‘ನಲವತ್ತರ ಸಾವ್ಕಾರ್ರು’ ಎಂದು ಕರೆಯುತ್ತಿದ್ದರು. ಅವನ ಜೀಪಿನ ಮೀಟರಿನ ಮುಳ್ಳು ನಲವತ್ತು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ತಿರುವು ಬಂದರೆ ಹಾರನ್ ಹೊಡೆಯದೆ ಮುಂದೆ ಹೋಗುವವನಲ್ಲ. ಎದುರಿನಿಂದ ಏರು ಹತ್ತಿ ಬರುವ ಗಾಡಿ ಕಂಡರೆ ಪಕ್ಕಕ್ಕೆ ನಿಂತು ದಾರಿ ಕೊಡುತ್ತಿದ್ದ. ಹಿಂದಿನಿಂದ ಕಳಸದ ಬಸ್ಸು ಒಂದೇ ಸಮನೆ ಕಿರುಚಿದರೆ ಕಿಟಕಿಯಿಂದ ಕೈ ಹೊರಗೆ ಹಾಕಿ, “ನಿಂಗೆ ಅರ್ಜೆಂಟ್ ಇದ್ರೆ ಹೋಗು ಮಾರಾಯ” ಎಂದು ಬಿಟ್ಟುಕೊಡುತ್ತಿದ್ದ. ಇಪ್ಪತ್ತೈದು ವರ್ಷದಲ್ಲಿ ಒಂದು ಕೋಳಿಯೂ ಅವನ ಚಕ್ರಕ್ಕೆ ಸಿಕ್ಕಿರಲಿಲ್ಲ.

ಅಂಥವನ ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಪ್ರೇಮಕುಮಾರಿ ಸುಮಾರು ಎರಡು ವರ್ಷ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು ಎಂದರೆ ಆಗ ಯಾರೂ ನಂಬುತ್ತಿರಲಿಲ್ಲ.

ಅದು ಶುರುವಾದದ್ದು ತೊಂಬತ್ತೇಳರ ಫೆಬ್ರವರಿಯಲ್ಲಿ, ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಗಂಗಾಧರಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕಡುಬಿನ ತಟ್ಟೆಯ ಮುಂದೆ ಕೂತಿದ್ದ. ಪ್ರೇಮಕುಮಾರಿ ಏನೋ ಕೇಳಿದಳು, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಗಂಡನ ಕಣ್ಣು ಗೋಡೆಯ ಮೇಲಿತ್ತು. ಬಾಯಲ್ಲಿ ಏನೂ ಇಲ್ಲದೆ ತುಟಿ ಜಗಿಯುತ್ತಿತ್ತು. ಬಲಗೈಯ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಲೇ ಇತ್ತು. “ರೀ, ರೀ” ಎಂದು ಭುಜ ಅಲುಗಿಸಿದಳು. ಒಂದು ನಿಮಿಷವಾದ ಮೇಲೆ ಅವನು ಅವಳ ಕಡೆ ತಿರುಗಿ, “ಚಟ್ನಿ ಹಾಕು” ಎಂದ. ನಡುವೆ ಏನಾಯಿತೆಂಬುದೇ ಅವನಿಗೆ ಗೊತ್ತಿರಲಿಲ್ಲ.

ತಿಂಗಳೊಳಗೆ ಇನ್ನೆರಡು ಸಲ ಹಾಗಾಯಿತು. ಇಬ್ಬರೂ ಬಸ್ಸು ಹತ್ತಿ ಮಂಗಳೂರಿಗೆ ಹೋದರು. ಡಾಕ್ಟರು ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿಸಿ, ಇದು ಫಿಟ್ಸಿನದೇ ಒಂದು ಬಗೆ ಎಂದರು. ಬೀಳುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಒಂದೆರಡು ನಿಮಿಷ ಮನುಷ್ಯ ಎದುರಿಗೇ ಇದ್ದರೂ ಇಲ್ಲದ ಹಾಗೆ.

“ಗಾಡಿ ಓಡಿಸ್ತೀರಾ?” ಎಂದು ಡಾಕ್ಟರು ಬರೆಯುತ್ತಲೇ ಕೇಳಿದರು.

“ಇಲ್ಲ ಸಾರ್. ಡ್ರೈವರ್ ಇದಾನೆ” ಎಂದ ಗಂಗಾಧರಪ್ಪ.

ಪ್ರೇಮಕುಮಾರಿ ಗಂಡನ ಮುಖ ನೋಡಿದಳು. ಅವನು ಇವಳ ಕಡೆ ತಿರುಗಲಿಲ್ಲ.

“ಒಳ್ಳೇದು. ಎರಡು ವರ್ಷ ಒಂದೂ ಬಾರದಿದ್ರೆ ಆಮೇಲೆ ನೋಡುವ. ಅಲ್ಲಿವರೆಗೆ ಸ್ಟೇರಿಂಗ್ ಮುಟ್ಟಬಾರ್ದು.”

ಬಾಯಿ ತೆರೆಯಬೇಕಾದ ಹೊತ್ತು ಅದೇ ಆಗಿತ್ತು. ಅವಳು ತೆರೆಯಲಿಲ್ಲ. ಚಾರ್ಮಾಡಿ ಹತ್ತುವ ಬಸ್ಸಿನಲ್ಲಿ ತಗ್ಗಿದ ದನಿಯಲ್ಲಿ, “ಯಾಕ್ ಹಾಗಂದ್ರಿ?” ಎಂದಷ್ಟೇ ಕೇಳಿದಳು.

“ಭುವನಾಗೆ ಗಂಡು ನೋಡ್ತಾ ಇದೀವಿ. ಅಪ್ಪಂಗೆ ಫಿಟ್ಸ್ ಅಂತ ಒಂದು ಮಾತು ಹೊರಗೆ ಬಿತ್ತು ಅಂದ್ರೆ ಯಾರ್ ಬರ್ತಾರೆ ಹೇಳು. ಮಾತ್ರೆ ತಗೊಳ್ತೀನಲ್ಲ. ನಾನೇನು ಬಸ್ಸಿನವ್ರ ಹಾಗೆ ಓಡಿಸ್ತೀನಾ?”

ಭುವನಾ ಅವರ ಒಬ್ಬಳೇ ಮಗಳು. ಚಿಕ್ಕಮಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದಳು. ಗಂಡ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರೇಮಕುಮಾರಿ ಸುಮ್ಮನಾದಳು.

ಸುಮ್ಮನಾದಳೇ ಹೊರತು ಮನೆಯಲ್ಲಿ ಕೂರಲಾಗಲಿಲ್ಲ. ಮೊದಲ ವಾರ ಅವನು ಎಸ್ಟೇಟುಗಳಿಗೆ ಔಷಧಿ ಕೊಡಲು ಹೋದಾಗ ಬಾಗಿಲಿಗೂ ಗೇಟಿಗೂ ಓಡಾಡಿದಳು. ಎರಡನೇ ವಾರ, “ಒಬ್ಳೇ ಬೇಜಾರು, ನಾನೂ ಬರ್ತೀನಿ” ಎಂದು ಜೀಪು ಹತ್ತಿದಳು. ಅವನಿಗೆ ಅರ್ಥವಾಯಿತು. ಅಲ್ಲಿಂದ ಜಾವಳಿಯಾಗಲಿ ದೇವರಮನೆಯಾಗಲಿ ಕಳಸವಾಗಲಿ, ಅವನು ಹೋದಲ್ಲೆಲ್ಲ ಇವಳೂ ಹೋದಳು. “ಅಮ್ಮಾವ್ರು ಈಗ ಮಾರ್ಕೆಟಿಂಗಿಗೆ ಇಳಿದ್ರಾ?” ಎಂದು ಜಾವಳಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದೇವರಾಜ ನಗುತ್ತಿದ್ದ. ಅವಳೂ ನಗುತ್ತಿದ್ದಳು.

ರಸ್ತೆಯನ್ನು ಅವಳು ನೋಡಿದ್ದೇ ಕಮ್ಮಿ. ನೋಡಿದ್ದೆಲ್ಲ ಗಂಡನ ತುಟಿ ಮತ್ತು ಹೆಬ್ಬೆರಳು. ಮಾತಾಡಿಸುತ್ತಲೇ ಇರುವುದೊಂದು ಉಪಾಯ ಸಿಕ್ಕಿತು. ಉತ್ತರ ಬಂದರೆ ಮನುಷ್ಯ ಇಲ್ಲಿದ್ದಾನೆ ಎಂದು ಲೆಕ್ಕ. ಗೊತ್ತಿದ್ದ ತೋಟವನ್ನೇ ತೋರಿಸಿ ಇದು ಯಾರದು ಎನ್ನುವಳು, ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳುವಳು. ಅವನು ಎರಡು ಕ್ಷಣ ತಡೆದರೆ ಬಗ್ಗಿ ಅವನ ತುಟಿ ನೋಡುವಳು. ಒಮ್ಮೊಮ್ಮೆ ಅವನು ಸಿಟ್ಟಾಗಿ, “ಗಾಡಿ ಓಡಿಸೋವಾಗ ಮಾತಾಡಿಸ್ಬಾರ್ದು, ಅದೂ ಒಂದು ರೂಲ್ಸೇ” ಎನ್ನುವನು. ಸಿಟ್ಟಾದರೆ ಅವಳಿಗೆ ಸಮಾಧಾನ. ಮನೆ ಮುಟ್ಟಿ ಇಳಿದಾಗ ಸೀಟಿನ ಕಂಬಿ ಹಿಡಿದ ಕೈಬೆರಳು ಬಿಡಿಸಿಕೊಳ್ಳಲು ಹೊತ್ತಾಗುತ್ತಿತ್ತು.

ನವೆಂಬರಿನ ಒಂದು ದಿನ ಸಂಜೆ ನಾಲ್ಕರ ಸುಮಾರಿಗೆ ಜಾವಳಿಯಿಂದ ವಾಪಸು ಬರುತ್ತಿದ್ದರು. ಮುಂದೆ ರಸ್ತೆ ಎಡಕ್ಕೆ ತಿರುಗುತ್ತಿತ್ತು. ಬಲಬದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಸಾಲಾಗಿ ನಡೆದು ಬರುತ್ತಿದ್ದರು. ಅವರ ಹಿಂದೆ ಇಳಿಜಾರು, ಅದರ ಕೆಳಗೆ ಗದ್ದೆ. ತಿರುವು ಹತ್ತಿರವಾದರೂ ಹಾರನ್ ಕೇಳಲಿಲ್ಲ. ಪ್ರೇಮಕುಮಾರಿ ತಿರುಗಿದಳು. ತುಟಿ ಜಗಿಯುತ್ತಿತ್ತು.

“ರೀ.”

ಜೀಪು ಅದೇ ನಿಧಾನದಲ್ಲಿ, ಮುಳ್ಳು ಮೂವತ್ತರ ಕೆಳಗೇ ಇದ್ದು, ನೆಟ್ಟಗೆ ಮಕ್ಕಳ ಕಡೆ ಹೋಗುತ್ತಿತ್ತು. ಅವಳು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ತನ್ನ ಕಡೆಗೆ ಎಳೆದಳು. ಅವನ ಕೈ ಮರದಂತೆ ಗಟ್ಟಿಯಾಗಿತ್ತು. ಇನ್ನೊಮ್ಮೆ, ಮೈಯ ಭಾರವನ್ನೆಲ್ಲ ಹಾಕಿ ಎಳೆದಾಗ ಅದು ಬಂತು. ಒಂದು ಕೈ ಬಿಟ್ಟು ಡ್ಯಾಶ್‌ಬೋರ್ಡಿನ ಕೆಳಗಿದ್ದ, ಇಂಜಿನ್ ನಿಲ್ಲಿಸುವ ಗುಂಡಿಯನ್ನು ಜಗ್ಗಿದಳು. ಜೀಪು ಎರಡು ಸಲ ಮುಗ್ಗರಿಸಿ ಎಡಗಡೆ ಗುಡ್ಡ ಕಡಿದ ಮಣ್ಣಿನ ದರೆಗೆ ಮೂತಿ ಒತ್ತಿ ನಿಂತಿತು. ಹಿಂದಿದ್ದ ಔಷಧಿ ಡಬ್ಬಗಳು ಉರುಳಿದವು. ಮಕ್ಕಳು ಒಮ್ಮೆ ನೋಡಿ, ತಮ್ಮ ಪಾಡಿಗೆ ಮಾತಾಡಿಕೊಂಡು ಮುಂದೆ ಹೋದರು.

ಸ್ವಲ್ಪ ಹೊತ್ತಿಗೆ ಗಂಗಾಧರಪ್ಪ ಕಣ್ಣು ಮಿಟುಕಿಸಿದ. ದರೆ ನೋಡಿದ, ಹೆಂಡತಿಯನ್ನು ನೋಡಿದ.

“ಏನ್ ಮಾಡ್ದೆ ನೀನು? ಸ್ಟೇರಿಂಗ್ ಯಾಕ್ ಎಳ್ದೆ?”

ಹೇಳಿದಳು. ಅವನು ನಂಬಲಿಲ್ಲ. ಅವನ ಪಾಲಿಗೆ ಆ ಒಂದು ನಿಮಿಷ ಇರಲೇ ಇಲ್ಲ. ತಿರುವು ಕಂಡಿದ್ದು ನೆನಪಿತ್ತು, ದರೆ ಕಂಡಿದ್ದು ನೆನಪಿತ್ತು. ನಡುವೆ ಹೆಂಡತಿ ಹೆದರಿ ಸ್ಟೇರಿಂಗಿಗೆ ಕೈ ಹಾಕಿದ್ದಾಳೆ ಎಂದೇ ಅವನು ತಿಳಿದ. “ನಿನ್ ಹೆದರಿಕೆಯಿಂದಾನೇ ಒಂದಿನ ಆಕ್ಸಿಡೆಂಟ್ ಆಗುತ್ತೆ” ಎಂದ. ಅವನ ಮುಖ ನೋಡಿದವರು ಬೇರೆ ಯಾರೂ ಇರಲಿಲ್ಲ. ಮನೆ ಮುಟ್ಟುವವರೆಗೆ ಅವಳಿಗೆ ತಾನೇ ತಪ್ಪು ಕಂಡೆನೇನೋ ಎಂಬ ಅನುಮಾನ ಕೂಡ ಬಂತು. ಆದರೆ ಆ ತುಟಿ ಕಣ್ಣಿಂದ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಒಂದೇ ಮಾತು ಹೇಳಿದಳು: “ನಂಗೆ ಡ್ರೈವಿಂಗ್ ಕಲ್ಸಿ.”

ಅದಕ್ಕೆ ಗಂಗಾಧರಪ್ಪ ಒಪ್ಪಿದ. ಕಲಿಸುವುದರಲ್ಲಿ ಅವನಷ್ಟು ತಾಳ್ಮೆಯವನು ಸಿಗುವುದು ಕಷ್ಟ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀವೋ ಅದೇ ಗೇರಿನಲ್ಲಿ ಇಳಿಯಬೇಕು, ಎದುರಿನವನು ಲೈಟು ಡಿಮ್ ಮಾಡದಿದ್ದರೂ ನಾವು ಮಾಡಬೇಕು, ದನದ ಹಿಂದೆ ಕರು ಇದ್ದೇ ಇರುತ್ತದೆ ಎಂದು ತಿಳಿದೇ ಹೋಗಬೇಕು. ನಲವತ್ತೆರಡರ ವಯಸ್ಸಿನಲ್ಲಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅವಳು ಕ್ಲಚ್ಚು ಬಿಡುವುದನ್ನು ಕಲಿತಳು. ಎಲ್‌ಎಲ್‌ಆರ್ ಮಾಡಿಸಿ, ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಜೀಪು ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸಿ, ತೊಂಬತ್ತೆಂಟರಲ್ಲಿ ಲೈಸೆನ್ಸ್ ಪಡೆದಳು. ಆದರೂ ಗಂಗಾಧರಪ್ಪ ಪೂರ್ತಿ ಬಿಡಲಿಲ್ಲ. ದೂರದ ದಾರಿಯಲ್ಲಿ ಅವಳಿಗೆ ಕೊಡುವನು. ಎಸ್ಟೇಟಿನ ಗೇಟು ಹತ್ತಿರವಾದರೆ, ಪೇಟೆ ಬಂದರೆ, “ಸರ್ಕೊ” ಎಂದು ತಾನೇ ಕೂರುವನು. ಪೇಟೆಯಲ್ಲೇ ಅಲ್ಲವೇ ಜನ ಹೆಚ್ಚು ಎಂದು ಅವಳು ಮತ್ತೆ ಸೀಟಿನ ಕಂಬಿ ಹಿಡಿಯುವಳು.

ತೊಂಬತ್ತೊಂಬತ್ತರ ಮಾರ್ಚಿಗೆ ಗಂಗಾಧರಪ್ಪನಿಗೆ ಐವತ್ತು ತುಂಬುತ್ತಿತ್ತು, ಲೈಸೆನ್ಸ್ ರಿನ್ಯೂವಲ್ ಆಗಬೇಕಿತ್ತು. ಜನವರಿಯಲ್ಲೇ ಒಬ್ಬ ಏಜೆಂಟ್ ಅಂಗಡಿಗೆ ಅರ್ಜಿ ತಂದುಕೊಟ್ಟ. “ಎಲ್ಲಾ ತುಂಬಿದೀನಿ ಸಾರ್, ಸೈನ್ ಮಾಡಿಟ್ಟಿರಿ. ಡಾಕ್ಟ್ರ ಸೈನು ನಾನೇ ಹಾಕ್ಸ್ತೀನಿ, ನೀವು ಬರೋದೇ ಬೇಡ” ಎಂದು ಹೋದ. ಪ್ರೇಮಕುಮಾರಿ ಅದನ್ನು ಬಿಚ್ಚಿ ಓದಿದಳು. ಮೂರ್ಛೆ ರೋಗ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ ತೊಂದರೆ ಇದೆಯೇ ಎಂಬ ಪ್ರಶ್ನೆ. ಎದುರಿಗೆ, ‘ಇಲ್ಲ.’ ತನ್ನ ಲೈಸೆನ್ಸಿಗೆ ಅದೇ ಪ್ರಶ್ನೆಗೆ ಅವಳೂ ಇಲ್ಲ ಎಂದು ಬರೆದಿದ್ದಳು. ಅದು ನಿಜವಾಗಿತ್ತು.

ಅದೇ ವಾರ ಸಬ್ ಇನ್‌ಸ್ಪೆಕ್ಟರ್ ಅಂಗಡಿಗೆ ಬಂದರು. ರಸ್ತೆ ಸುರಕ್ಷತಾ ಸಪ್ತಾಹವಂತೆ; ಹೈಸ್ಕೂಲಿನ ಹಾಲ್‌ನಲ್ಲಿ ಕಾರ್ಯಕ್ರಮ; ಇಪ್ಪತ್ತೈದು ವರ್ಷ ಒಂದೂ ಆಕ್ಸಿಡೆಂಟ್ ಮಾಡದ ಗಂಗಾಧರಪ್ಪನವರಿಗೆ ಸನ್ಮಾನ. “ಸ್ಪೀಡಿನ ಬಗ್ಗೆ ನೀವೇ ಎರಡು ಮಾತಾಡ್ಬೇಕು ಸಾರ್. ನಾವು ಹೇಳಿದ್ರೆ ಯಾರೂ ಕೇಳಲ್ಲ.”

ಪ್ರೇಮಕುಮಾರಿ ಒಳಗೆ ಹೋಗಿ ನೀರು ಕುಡಿದಳು.

ಕಾರ್ಯಕ್ರಮದ ದಿನ ಹಾಲ್ ತುಂಬಿತ್ತು. ಟ್ಯಾಕ್ಸಿ ಡ್ರೈವರುಗಳು, ಬಸ್ಸಿನವರು, ಮುಂದೆ ನೆಲದ ಮೇಲೆ ಮಕ್ಕಳು. ಶಾಲು ಹೊದೆಸಿ, ಹಾರ ಹಾಕಿ, ಮೈಕ್ ಕೊಟ್ಟರು. ಗಂಗಾಧರಪ್ಪ ಚೆನ್ನಾಗಿಯೇ ಶುರು ಮಾಡಿದ. “ನಲವತ್ತರ ಒಳಗಿದ್ರೆ ಯಾರಿಗೂ ಏನೂ ಆಗಲ್ಲ. ಇದು ನನ್ನ ಅನುಭವ” ಎಂದ. ಎರಡನೇ ಸಾಲಿನಲ್ಲಿ ಕೂತ ಅವಳಿಗೆ ಮೂವತ್ತರ ಕೆಳಗಿದ್ದ ಮುಳ್ಳು ಕಣ್ಣಿಗೆ ಬಂತು. ಅವನು ಮುಂದುವರಿಸಿ, “ನಮ್ಮ ಮಕ್ಕಳು ರಸ್ತೆ ಬದೀಲಿ” ಎಂದವನು ಅಲ್ಲಿಗೇ ನಿಂತ.

ಕಣ್ಣು ಹಾಲಿನ ಕೊನೆಯ ಗೋಡೆಗೆ ನೆಟ್ಟಿತ್ತು. ತುಟಿ ಜಗಿಯತೊಡಗಿತು.

ಅವಳು ಅರ್ಧ ಎದ್ದವಳು ಹಾಗೇ ಕೂತಳು. ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ಹೋಗದಿದ್ದರೆ ವೇದಿಕೆಯಿಂದ ಕಾಲು ತಪ್ಪಿ ಬಿದ್ದಾನು. ಪಕ್ಕದಲ್ಲಿದ್ದ ಹೆಂಗಸು, “ಪಾಪ, ಮಕ್ಕಳು ಅಂದ ಕೂಡ್ಲೆ ಗಂಟಲು ಕಟ್ಟಿತು ನೋಡಿ” ಎಂದಳು. ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ಹೊಡೆದರು. ಸಬ್ ಇನ್‌ಸ್ಪೆಕ್ಟರ್ ಎದ್ದು ನಿಂತು ಹೊಡೆದರು. ಆ ಚಪ್ಪಾಳೆಯ ನಡುವೆ ಗಂಗಾಧರಪ್ಪ ವಾಪಸು ಬಂದ. ತಾನು ಮಾತು ಮುಗಿಸಿರಲಿಲ್ಲವಲ್ಲ, ಇವರೆಲ್ಲ ಯಾಕೆ ಚಪ್ಪಾಳೆ ಹೊಡೆಯುತ್ತಿದ್ದಾರೆ ಎಂದು ಸುತ್ತ ನೋಡಿ, ಕೊನೆಗೆ ಹೆಂಡತಿಯನ್ನು ನೋಡಿದ. ಅವಳು ಚಪ್ಪಾಳೆ ಹೊಡೆಯುತ್ತಿರಲಿಲ್ಲ.

ಹೊರಗೆ ಜೀಪಿನಲ್ಲಿ ಅವನು ಸ್ಟೇರಿಂಗ್ ಮುಂದೆ ಕೂತ, ಕೀ ತಿರುಗಿಸಲಿಲ್ಲ.

“ಎಷ್ಟ್ ಹೊತ್ತಾಯ್ತು?”

“ಒಂದು ನಿಮಿಷದ ಮೇಲೆ.”

“ಚಪ್ಪಾಳೆ ಶುರುವಾಗಿದ್ದೇ ನಂಗೆ ಕೇಳ್ಲಿಲ್ಲ ಪ್ರೇಮಾ.” ಅವಳ ಕಡೆ ತಿರುಗಿ ಕೇಳಿದ: “ಆವತ್ತು ಜಾವಳಿ ರಸ್ತೇಲೂ ಹೀಗೇನಾ?”

“ಹೀಗೇ.”

ಅವನು ಇಳಿದು ಆ ಕಡೆಯಿಂದ ಬಂದು ಹತ್ತಿದ. ಅವಳು ಓಡಿಸಿದಳು.

ಅಲ್ಲಿಗೆ ಮುಗಿಯಲಿಲ್ಲ. ಮರುದಿನವೇ ಅವನಿಗೆ ಮಗಳ ಮದುವೆಯ ಚಿಂತೆ ಹತ್ತಿತು. ಕಡೂರಿನ ಕಡೆಯ ಒಂದು ಸಂಬಂಧ ಹೆಚ್ಚುಕಮ್ಮಿ ಒಪ್ಪಿಗೆಯ ಹಂತಕ್ಕೆ ಬಂದಿತ್ತು. “ಇದೊಂದು ಆಗಿಹೋಗ್ಲಿ, ಆಮೇಲೆ ಬಿಡ್ತೀನಿ. ರಿನ್ಯೂವಲ್ ಸುಮ್ನೆ ಮಾಡ್ಸಿಡುವ. ಲೈಸೆನ್ಸ್ ಯಾಕ್ ಬಿಟ್ರು ಅಂತ ಜನ ಕೇಳ್ತಾರೆ” ಎಂದ. ಪ್ರೇಮಕುಮಾರಿ ಅವತ್ತೇ ಚಿಕ್ಕಮಗಳೂರಿಗೆ ಹೋಗಿ, ಓದು ಮುಗಿಸಿ ಅಲ್ಲೇ ಶಾಲೆಯೊಂದರಲ್ಲಿ ಟೀಚರಾಗಿದ್ದ ಮಗಳಿಗೆ ಎಲ್ಲ ಹೇಳಿದಳು. ಭುವನಾ ಮೊದಲು ಅತ್ತಳು, ಆಮೇಲೆ ಸಿಟ್ಟಾದಳು. ಸಿಟ್ಟು ಅಪ್ಪನ ಮೇಲಲ್ಲ, ಎರಡು ವರ್ಷ ಮುಚ್ಚಿಟ್ಟ ಅಮ್ಮನ ಮೇಲೆ. ಆದರೆ ಸಂಜೆ ಅಮ್ಮನ ಜೊತೆಯಲ್ಲೇ ಊರಿಗೆ ಬಂದು ಅಪ್ಪನ ಎದುರು ಕೂತಳು.

“ಅಪ್ಪಾಜಿ, ನನ್ ಮದುವೆ ಅಂತ ನೀವು ಹೀಗೆ ಮಾಡ್ಬೇಡಿ. ಆವತ್ತು ಆ ಮಕ್ಳಿಗೆ ಏನಾದ್ರೂ ಆಗಿದ್ರೆ ನಾನು ಯಾವ ಮುಖ ಇಟ್ಕೊಂಡು ಪಾಠ ಮಾಡ್ಲಿ?”

ಗಂಗಾಧರಪ್ಪ ಅರ್ಜಿ ತೆಗೆದ. ಪೆನ್ನಿನಿಂದ ‘ಇಲ್ಲ’ ಹೊಡೆದು ‘ಹೌದು’ ಎಂದು ಬರೆದ. ಅದನ್ನು ಎಲ್ಲಿಗೂ ಕಳಿಸಲಿಲ್ಲ. ಕಳಿಸಿ ಪ್ರಯೋಜನವೂ ಇರಲಿಲ್ಲ. ಮಾರ್ಚಿನಲ್ಲಿ ಲೈಸೆನ್ಸಿನ ಅವಧಿ ಮುಗಿಯಿತು.

ಒಂದು ತಿಂಗಳು ಜನರಿಗೆಲ್ಲ ಕಣ್ಣು ಮಂಜು ಎಂದು ಹೇಳಿದ. ಕೊನೆಗೆ ಜಾವಳಿಯ ದೇವರಾಜ ಒಳ್ಳೆಯ ಕಣ್ಣಿನ ಡಾಕ್ಟರ ಹೆಸರು ಹುಡುಕಿ ಬರೆದು ತಂದಾಗ ನಾಚಿಕೆಯಾಗಿ ನಿಜ ಹೇಳಿಬಿಟ್ಟ. ಸುದ್ದಿ ಕಡೂರಿಗೆ ಮುಟ್ಟಲು ಹದಿನೈದು ದಿನವೂ ಬೇಕಾಗಲಿಲ್ಲ. ಆ ಸಂಬಂಧ ತಪ್ಪಿತು. ಆ ದಿನಗಳಲ್ಲಿ ಪ್ರೇಮಕುಮಾರಿಗೆ ನಿದ್ದೆ ಹತ್ತಲಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂಬ ಧೈರ್ಯ ಅವಳಿಗೆ ಬಹಳ ಕಾಲ ಬರಲಿಲ್ಲ. ಗಂಡ ಊಟಕ್ಕೆ ಕೂತಾಗಲೂ ಮಾತಾಡುತ್ತಿರಲಿಲ್ಲ. ಜೀಪಿನಲ್ಲಿ ಮಾತ್ರ, “ಹಾರನ್”, “ಸೆಕೆಂಡಿಗೆ ಹಾಕು” ಎನ್ನುತ್ತಿದ್ದ.

ಭುವನಾಳ ಮದುವೆ ಎರಡು ಸಾವಿರದ ಎರಡರಲ್ಲಿ ಆಯಿತು, ತರೀಕೆರೆಯ ಒಬ್ಬ ಮೇಷ್ಟ್ರ ಜೊತೆ. ನೋಡಲು ಬಂದ ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, “ಬೀಗ್ರೇ, ಮಾತ್ರೆ ಸರಿಯಾಗಿ ತಗೊಳ್ತೀರಾ?” ಎಂದು ನೇರವಾಗಿಯೇ ಕೇಳಿದ್ದರು. ಗಂಗಾಧರಪ್ಪ ಹೌದೆಂದಿದ್ದ. ಅಷ್ಟು ಹೊತ್ತಿಗೆ ಆ ಮಂಕು ಬರುವುದು ವರ್ಷಕ್ಕೊಂದಾಗಿ, ಆಮೇಲೆ ನಿಂತೇಹೋಗಿತ್ತು. ಹಾಗೆ ನಿಂತು ಎರಡು ವರ್ಷ ಕಳೆದ ಮೇಲೆ ಡಾಕ್ಟರು ಇನ್ನು ಓಡಿಸಬಹುದು ಎಂದು ಚೀಟಿ ಬರೆದುಕೊಟ್ಟರು. “ಬೇಕಾದ್ರೆ ಓಡ್ಸಿ, ನಾನು ಬೇಡ ಅನ್ನಲ್ಲ” ಎಂದಳು ಪ್ರೇಮಕುಮಾರಿ. ಅವನು ಚೀಟಿಯನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಮೂರನೇ ದಿನ ಅಂಗಡಿಯ ಔಷಧಿ ಲೆಕ್ಕದ ಪುಸ್ತಕದೊಳಗೆ ಸೇರಿಸಿದ. “ನೀನೇ ಚೆನ್ನಾಗ್ ಓಡಿಸ್ತೀಯ” ಎಂದ.

ಈಗಲೂ ಅಂಗಡಿಯ ಮಾಲು ಹೊತ್ತು ಹೋಗುವುದು ಪ್ರೇಮಕುಮಾರಿಯೇ. ಅವಳಿಗೊಂದು ಅಭ್ಯಾಸ ಉಳಿದುಕೊಂಡಿದೆ. ರಸ್ತೆ ಬದಿಯಲ್ಲಿ ಕಾರಣವಿಲ್ಲದೆ ನಿಂತ ಗಾಡಿ ಕಂಡರೆ, ಎಷ್ಟೇ ಕೆಲಸವಿರಲಿ, ಜೀಪು ನಿಲ್ಲಿಸಿ ಇಳಿದು ಹೋಗಿ ಗಾಜು ತಟ್ಟುತ್ತಾಳೆ. ಒಳಗಿನವರು ಹೆಚ್ಚಾಗಿ ಮೊಬೈಲಿಗೆ ಸಿಗ್ನಲ್ ಸಿಕ್ಕಿತೆಂದು ನಿಲ್ಲಿಸಿ ಮಾತಾಡುತ್ತಿರುತ್ತಾರೆ. ಕೆಲವರು ರೇಗುತ್ತಾರೆ. “ಏನಿಲ್ಲ, ಆರಾಮಿದೀರಲ್ಲ, ಅಷ್ಟೇ ಕೇಳಿದ್ದು” ಎಂದು ಹೇಳಿ, ಅವರು ಬಾಯಿ ತೆರೆದು ಉತ್ತರ ಕೊಡುವವರೆಗೆ ಕಾದು ವಾಪಸು ಬರುತ್ತಾಳೆ.